ಮ್ಯಾಟ್ ಗೆದ್ದವರ ಮೆರವಣಿಗೆ

ಏಳು ಲಕ್ಷದ ಸಣ್ಣ ಕಾರು ಕೊಳ್ಳುವವರು ಸೇರುವ ಬೆಂಗಳೂರಿನ ಯಾವ ಶೋರೂಮಿಗಾದರೂ ಹೋಗಿ ಒಂದು ಗಳಿಗೆ ನಿಲ್ಲಿ. ಅಲ್ಲಿ ನಡೆಯುತ್ತಿರುವ ಘೋರ ಯುದ್ಧ ಏಳು ಲಕ್ಷದ್ದಲ್ಲ, ಕಾಲ ಕೆಳಗೆ ಹಾಸುವ ಮ್ಯಾಟಿನದ್ದು. ಏಳು ಲಕ್ಷವನ್ನು ಗಿರಾಕಿ ಮನೆಯಲ್ಲೇ ಒಪ್ಪಿಕೊಂಡು ಬಂದಿರುತ್ತಾನೆ. ಅದರ ಮೇಲೆ ಏರುವ ಒಂದೂವರೆ ಲಕ್ಷ ಚಿಲ್ಲರೆಗೂ "ಆನ್‌ರೋಡ್ ಅಂದ್ಮೇಲೆ ಅಷ್ಟಾಗುತ್ತಪ್ಪ" ಎಂದು ಭಾವ ಮೊದಲೇ ಸಮಾಧಾನ ಹೇಳಿಯಾಗಿದೆ. ಆದರೆ ಮ್ಯಾಟು? ಅದನ್ನು ದುಡ್ಡು ಕೊಟ್ಟು ತಗೊಂಡರೆ ವಂಶಕ್ಕೇ ಅವಮಾನ. ತರಕಾರಿಯವಳ ಹತ್ತಿರ ಒಂದು ಎಸಳು ಕರಿಬೇವನ್ನಾದರೂ ಕೊಸರು ಹಾಕಿಸಿಕೊಳ್ಳದೆ ಎದ್ದು ಬಂದ ಇತಿಹಾಸ ನಮಗಿಲ್ಲ.

ಶೋರೂಮಿನವರಿಗೆ ನಮ್ಮ ಈ ಚರಿತ್ರೆ ಬಾಯಿಪಾಠ. ಹಾಗಾಗಿ ನಾವು ಗೆಲ್ಲಲು ಬೇಕಾದ ಸಾಮಾನನ್ನೆಲ್ಲ ಅವರೇ ಅಣಿ ಮಾಡಿಟ್ಟಿರುತ್ತಾರೆ. ಕೊಟೇಶನ್ ಹಾಳೆಯಲ್ಲಿ "ಹ್ಯಾಂಡ್ಲಿಂಗ್ ಚಾರ್ಜ್" ಎಂದೊಂದು ಸಾಲು ಇರುತ್ತದೆ. ಏನಪ್ಪಾ ಇದು ಎಂದರೆ, "ಯಾರ್ಡಿಂದ ಶೋರೂಮಿಗೆ ಗಾಡಿ ತರೋದಕ್ಕೆ ಸರ್" ಎಂಬ ಉತ್ತರ. ನಾಲ್ಕು ಚಕ್ರ, ಎಂಜಿನ್, ಸ್ಟೀರಿಂಗ್ ಎಲ್ಲ ಇರುವ ವಸ್ತುವನ್ನು ಊರಾಚೆಯಿಂದ ಊರೊಳಕ್ಕೆ ತರಲು ಕೊಳ್ಳುವವನು ಕೂಲಿ ಕೊಡಬೇಕು! ಗಿರಾಕಿ ಹುಬ್ಬು ಗಂಟಿಕ್ಕುತ್ತಾನೆ. ಹುಡುಗ ಒಂದು ಕ್ಷಣ ತಲೆ ತಗ್ಗಿಸಿ, ಪೆನ್ನಿನಿಂದ ಆ ಸಾಲಿನ ಮೇಲೆ ಗೀಟು ಹಾಕುತ್ತಾನೆ. ಗಿರಾಕಿಯ ಎದೆ ಎರಡಿಂಚು ಉಬ್ಬುತ್ತದೆ. ಆ ಸಾಲನ್ನು ಬರೆದಿದ್ದೇ ಗೀಟು ಹಾಕುವುದಕ್ಕೆ ಎಂಬುದು ಉಬ್ಬಿದ ಎದೆಗೆ ತಿಳಿಯುವುದಿಲ್ಲ. ಕೇಳದೆ ಸುಮ್ಮನಿದ್ದವರು ಕೊಟ್ಟೇ ಹೋಗುತ್ತಾರೆ, ಆ ಮಾತು ಬೇರೆ.

ಇನ್ನು ಗಾಜಿನ ಕ್ಯಾಬಿನ್. ಮಾತು ಐದು ಸಾವಿರದ ಹತ್ತಿರ ಬಂದು ನಿಂತಾಗ ಹುಡುಗ, "ಒಂದ್ನಿಮಿಷ ಸರ್, ಮ್ಯಾನೇಜರ್ ಹತ್ರ ಮಾತಾಡಿ ಬರ್ತೀನಿ" ಎಂದು ಒಳಗೆ ಹೋಗುತ್ತಾನೆ. ನಮಗೆ ಕಾಣುವುದು ಮೂಕಾಭಿನಯ ಮಾತ್ರ. ಇವನು ಕೈ ಮುಗಿಯುತ್ತಾನೆ, ಅವರು ತಲೆ ಅಲ್ಲಾಡಿಸುತ್ತಾರೆ. ಇವನು ನಮ್ಮ ಕಡೆ ಬೆರಳು ತೋರಿಸುತ್ತಾನೆ, ಅವರು ಕನ್ನಡಕ ತೆಗೆದು ನಮ್ಮನ್ನೊಮ್ಮೆ ದಿಟ್ಟಿಸಿ ಮತ್ತೆ ಹಾಕಿಕೊಳ್ಳುತ್ತಾರೆ. ಮಧ್ಯಾಹ್ನದ ಊಟಕ್ಕೆ ಏನು ತರಿಸೋಣ ಎಂಬ ಚರ್ಚೆಯೂ ಗಾಜಿನ ಈಚೆಯಿಂದ ಹೀಗೇ ಕಾಣುತ್ತದೆ. ಹೊರಬಂದವನ ಮುಖ ಸೂತಕದ್ದು. "ಒಪ್ಲೇ ಇಲ್ಲ ಸರ್. ನನ್ ಇನ್ಸೆಂಟಿವ್ ಬಿಟ್ಟು ಮೂರು ಸಾವಿರ ಕೊಡ್ತೀನಿ, ಯಾರಿಗೂ ಹೇಳ್ಬೇಡಿ." ಗಿರಾಕಿ ಯಾರಿಗೂ ಹೇಳುವುದಿಲ್ಲ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾನೆ, ಅಷ್ಟೆ. ಅದೇ ಮೂರು ಸಾವಿರವನ್ನು ಅದೇ ಗುಟ್ಟಿನ ಸಮೇತ ಪಡೆದ ಇನ್ನಿಬ್ಬರು ಅಲ್ಲಿ ಹೆಬ್ಬೆರಳು ಎತ್ತುತ್ತಾರೆ.

ಇದನ್ನೆಲ್ಲ ಬರೀ ನಾಟಕ ಎನ್ನುವವರು 2021ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಭಾರತೀಯ ಸ್ಪರ್ಧಾ ಆಯೋಗ ಆಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿತು. ಆಯೋಗ ಕಂಡುಕೊಂಡ ಪ್ರಕಾರ, ಕಂಪನಿ ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ರಿಯಾಯಿತಿಯನ್ನೋ ಪುಕ್ಕಟೆ ಸಾಮಾನನ್ನೋ ಡೀಲರುಗಳು ಕೊಡುವ ಹಾಗಿರಲಿಲ್ಲ. ಕೊಟ್ಟವರನ್ನು ಹಿಡಿಯಲು ಗಿರಾಕಿಯ ವೇಷದ ಗೂಢಚಾರರು ಶೋರೂಮಿಗೆ ಬಂದು, ಚೌಕಾಸಿ ಮಾಡಿ, ರೆಕಾರ್ಡ್ ಮಾಡಿಕೊಂಡು ಹೋಗುತ್ತಿದ್ದರು. ಸಿಕ್ಕಿಬಿದ್ದರೆ ಡೀಲರನಿಗೂ ದಂಡ, ಅವನ ಮ್ಯಾನೇಜರಿಗೂ, ಮಾರಾಟದ ಹುಡುಗನಿಗೂ ದಂಡ. ಕಂಪನಿ ಮೇಲ್ಮನವಿಗೆ ಹೋಯಿತು. ಇಂಥದ್ದೇ ಪ್ರಕರಣದಲ್ಲಿ 2017ರಲ್ಲಿ ಹ್ಯುಂಡೈಗೆ ಬಿದ್ದಿದ್ದ 87 ಕೋಟಿ ದಂಡ ಮರುವರ್ಷ ಮೇಲ್ಮನವಿಯಲ್ಲಿ ರದ್ದಾಗಿತ್ತು. ಕಾನೂನಿನ ಸೋಲು ಗೆಲುವು ಅವರದ್ದು, ಅವರ ವಕೀಲರದ್ದು. ನನ್ನ ಕಣ್ಣಿಗೆ ಕಟ್ಟುವುದು ಆ ಮಾರಾಟದ ಹುಡುಗ. ಎದುರಿಗೆ ಕೂತು "ಮ್ಯಾಟ್ ಫ್ರೀ ಕೊಡಲ್ವಾ?" ಎನ್ನುತ್ತಿರುವವನು ಬನಶಂಕರಿಯ ಗೃಹಸ್ಥನೋ, ಕಂಪನಿಯ ಪತ್ತೇದಾರನೋ? ಕೊಟ್ಟರೆ ದಂಡ, ಕೊಡದಿದ್ದರೆ ಗಿರಾಕಿ ಎದುರು ಶೋರೂಮಿಗೆ. ಗಡಿ ಕಾಯುವವರಿಗೂ ಇಷ್ಟು ಮಾನಸಿಕ ಒತ್ತಡ ಇರಲಿಕ್ಕಿಲ್ಲ.

ಇಷ್ಟೆಲ್ಲ ಗಲಾಟೆಯ ನಡುವೆ ತಣ್ಣಗೆ ಕೂತಿರುವ ಸಾಲು ಇನ್ಶೂರೆನ್ಸಿನದ್ದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸುಪ್ರೀಂ ಕೋರ್ಟ್ ಹೇಳಿದಂತೆ 2018ರ ಸೆಪ್ಟೆಂಬರಿನಿಂದ ಇದು ಜಾರಿಯಲ್ಲಿದೆ, ತಕರಾರಿಲ್ಲ. ಆದರೆ ಅದರ ಹಿಂದೆಯೇ ಜೀರೋ ಡೆಪ್ರಿಸಿಯೇಶನ್, ಎಂಜಿನ್ ಪ್ರೊಟೆಕ್ಟ್, ರಿಟರ್ನ್ ಟು ಇನ್‌ವಾಯ್ಸ್, ಟೈರ್ ಕವರ್, ಕೀ ಕಳೆದರೆ ಕವರ್ ಎಂದು ಹೆಚ್ಚುವರಿ ವಿಮೆಗಳ ಮದುವೆ ದಿಬ್ಬಣವೇ ಇಳಿಯುತ್ತದೆ. ಮೊಬೈಲಿನಲ್ಲಿ ನೋಡಿದರೆ ಇದೇ ಪಾಲಿಸಿ ಎಷ್ಟೋ ಸಾವಿರ ಕಡಿಮೆಗೆ ಸಿಗುತ್ತಿರುತ್ತದೆ. "ನಾನು ಹೊರಗಡೆಯಿಂದ ಮಾಡಿಸ್ತೀನಿ" ಎಂದು ಒಂದು ಸಲ ಹೇಳಿ ನೋಡಿ. ಅಲ್ಲಿಯವರೆಗೆ ಇದ್ದ "ಬನ್ನಿ ಸರ್, ಕಾಫಿನಾ ಟೀನಾ" ಥಟ್ಟನೆ ನಿಲ್ಲುತ್ತದೆ. ಎಸಿ ಕೂಡ ಒಂದು ಡಿಗ್ರಿ ಏರಿದಂತೆ ಅನಿಸುತ್ತದೆ. "ಮಾಡಿಸ್ಬಹುದು ಸರ್, ಆದ್ರೆ ಕ್ಯಾಶ್‌ಲೆಸ್ ಸಿಗಲ್ಲ, ನಾಳೆ ಗಾಡಿ ತಗುಲಿದ್ರೆ ನೀವೇ ಓಡಾಡ್ಬೇಕು. ಮತ್ತೆ ಆ ಡಿಸ್ಕೌಂಟ್ ಇದ್ಯಲ್ಲ, ಅದು ನಮ್ ಇನ್ಶೂರೆನ್ಸ್ ತಗೊಂಡ್ರೆ ಮಾತ್ರ." ಇಂಥ ವಿಮೆಯನ್ನೇ ತಗೋ ಎಂದು ಗಿರಾಕಿಯನ್ನು ಬಲವಂತ ಮಾಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2017ರ ಮಾರ್ಗಸೂಚಿಯಲ್ಲೇ ಡೀಲರುಗಳಿಗೆ ಬರೆದಿಟ್ಟಿದೆ. ಇವರೆಲ್ಲಿ ಬಲವಂತ ಮಾಡಿದರು? ಬರೀ ಹೆದರಿಸಿದರು. ಇನ್ನೂ ರಸ್ತೆಗಿಳಿಯದ ಕಾರನ್ನು ಮಾತಿನಲ್ಲೇ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಗುದ್ದಿಸಿ, ಬಂಪರ್ ಬೀಳಿಸಿ, ನಮ್ಮನ್ನು ಕ್ಲೇಮ್ ಫಾರಂ ಹಿಡಿದು ಅಲೆಸಿದರು. ಪಕ್ಕದಲ್ಲಿದ್ದ ಹೆಂಡತಿ "ಸುಮ್ನೆ ಇಲ್ಲೇ ಮಾಡಿಸಿ" ಎನ್ನುವಲ್ಲಿಗೆ ವ್ಯವಹಾರ ಮುಗಿಯಿತು. ಮ್ಯಾಟಿನ ದುಡ್ಡು ಹತ್ತು ಪಟ್ಟಾಗಿ ವಾಪಸು ಹೋಗುವ ಬಾಗಿಲು ಇದೇ.

ಚೌಕಾಸಿಗೆ ಒಂದಿನಿತೂ ಬಗ್ಗದ, ಕಾಫಿಯನ್ನೂ ಕೇಳದ ಮಹಾನುಭಾವ ಮಾತ್ರ ನಮ್ಮ ರಾಜ್ಯ ಸರ್ಕಾರ. ಐದು ಲಕ್ಷದಿಂದ ಹತ್ತು ಲಕ್ಷದವರೆಗಿನ ಕಾರಿಗೆ ಶೇ 14 ಜೀವಾವಧಿ ತೆರಿಗೆ, ಆ ತೆರಿಗೆಯ ಮೇಲೆ ಶೇ 11 ಸೆಸ್, ಸಾಲದ್ದಕ್ಕೆ ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದು ಇನ್ನೊಂದು ಸಾವಿರ. ಏಳು ಲಕ್ಷದ ಕಾರಿಗೆ ಲೆಕ್ಕ ಹಾಕಿ: ತೆರಿಗೆ 98,000, ಅದರ ಸೆಸ್ಸು 10,780. ಆ ಏಳು ಲಕ್ಷದೊಳಗೆ ಜಿಎಸ್‌ಟಿ ಮೊದಲೇ ಅವಿತು ಕೂತಿದೆ, ಅದರ ಮೇಲೂ ಈ ತೆರಿಗೆ. ತೆರಿಗೆಯ ಮೇಲೆ ತೆರಿಗೆ, ಅದರ ಮೇಲೆ ಸೆಸ್ಸು. ಹತ್ತು ಲಕ್ಷ ದಾಟಿದರಂತೂ ತೆರಿಗೆ ಶೇ 17ಕ್ಕೆ ನೆಗೆಯುತ್ತದೆ. ಅದಕ್ಕೇ ಬಹಳ ಕಾರುಗಳು 9.99 ಲಕ್ಷದ ಹೊಸ್ತಿಲಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತವೆ. ಒಂದು ಲಕ್ಷಕ್ಕೂ ಮಿಕ್ಕಿದ ಈ ಮೊತ್ತದ ಬಗ್ಗೆ ಯಾವ ಗಿರಾಕಿಯೂ "ಸ್ವಲ್ಪ ನೋಡ್ಕೊಂಡು ಹೇಳಿ" ಎಂದದ್ದನ್ನು ನಾನು ಕೇಳಿಲ್ಲ. ಆ ಸಾಲಿನ ಮೇಲೆ ಕಣ್ಣಾಡಿಸಿ, ನಿಟ್ಟುಸಿರು ಬಿಟ್ಟು, ಕೆಳಗಿನ ಸಾಲಿನ ಮಡ್‌ಫ್ಲ್ಯಾಪಿಗೆ ಇಳಿಯುತ್ತಾರೆ.

ಸಣ್ಣ ಕಾರಿನ ಆಕಾರವನ್ನು ಗೊತ್ತು ಮಾಡುವುದೂ ಸರ್ಕಾರವೇ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ ಕಾರುಗಳಿಗೆ ಅಬಕಾರಿ ಸುಂಕ ಇಳಿದಾಗಿನಿಂದ ನಮ್ಮ ಕಾರುಗಳ ಹಿಂಭಾಗಕ್ಕೆ ಟೇಪು ಹಿಡಿದ ಲೆಕ್ಕಾಧಿಕಾರಿಯೇ ಶಿಲ್ಪಿ. ನೋಡಿದ ಕಾರಿಗೆಲ್ಲ 3,995 ಮಿಲಿಮೀಟರ್ ಉದ್ದ. ಮುಂದಿನಿಂದ ಮಹಾರಾಜ, ಹಿಂದಿನಿಂದ ಡಿಕ್ಕಿ ಕೊಯ್ದ ಮೊಂಡ.

ನಾನು ಕಂಡ ಒಂದೇ ಒಂದು ಯಶಸ್ವಿ ಚೌಕಾಸಿ ನಡೆದದ್ದು 2025ರಲ್ಲಿ. ಆಗಸ್ಟ್ 15ಕ್ಕೆ ಕೆಂಪುಕೋಟೆಯ ಮೇಲಿಂದ ಪ್ರಧಾನಿ ಜಿಎಸ್‌ಟಿ ಇಳಿಸುವ ಮಾತಾಡಿದರು. ಅಲ್ಲಿಂದ ಜನ ಶೋರೂಮಿಗೆ ಹೋಗುವುದನ್ನೇ ಬಿಟ್ಟರು. ವಾದವಿಲ್ಲ, ವಾಟ್ಸಾಪಿಲ್ಲ, ಭಾವನ ಸಲಹೆಯಿಲ್ಲ. ಮನೆಯಲ್ಲಿ ಕೂತರು, ಅಷ್ಟೆ. ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಸಣ್ಣ ಕಾರಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದರ ಜೊತೆಗಿದ್ದ ಸೆಸ್ಸೂ ಹೋಯಿತು. ಜನ ಎದ್ದು ಚಪ್ಪಲಿ ಮೆಟ್ಟಿ ಹೊರಟರು. ಹೋದವರು ಅಲ್ಲಿ ಮತ್ತೆ ಮ್ಯಾಟಿನ ಮಾತೆತ್ತಿದರು, "ಈ ರಶ್ಶಲ್ಲಿ ಮ್ಯಾಟಾ ಸರ್?" ಎಂದು ಹುಡುಗ ನಕ್ಕ.

ಆಷಾಢ ಆಫರಿನ ಕತೆ ಇನ್ನೂ ಸೊಗಸು. ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರಬಾರದು, ಆದರೆ ಆಷಾಢದ ರಿಯಾಯಿತಿ ಬಿಡಬಾರದು. ಹೀಗಾಗಿ ಅಶುಭ ಮಾಸದ ದರದಲ್ಲಿ ಬುಕ್ ಮಾಡಿ, ಶ್ರಾವಣದ ಶುಭ ಮುಹೂರ್ತದಲ್ಲಿ ಡೆಲಿವರಿ. ಗ್ರಹಗಳ ಕಣ್ತಪ್ಪಿಸುವ ಈ ವ್ಯವಸ್ಥೆಗೆ ಡೀಲರೂ ಸಹಕರಿಸುತ್ತಾನೆ. ವರಮಹಾಲಕ್ಷ್ಮಿಯ ದಿನ ಶೋರೂಮಿನ ಮುಂದೆ ನಿಂಬೆಹಣ್ಣು ಮಾರುವವನೊಬ್ಬನೇ ಎಂಆರ್‌ಪಿ ಇಲ್ಲದೆ, ರಿಯಾಯಿತಿ ಇಲ್ಲದೆ, ಮ್ಯಾನೇಜರನ್ನು ಕೇಳದೆ ವ್ಯಾಪಾರ ಮಾಡುವವನು.

ಡೆಲಿವರಿಯ ದಿನ ಸ್ಯಾಟಿನ್ ಬಟ್ಟೆ ಸರಿಸಿ, ಕೇಕ್ ಕತ್ತರಿಸಿ, ಆಳೆತ್ತರದ ಥರ್ಮಾಕೋಲ್ ಕೀಲಿ ಹಿಡಿಸಿ ಫೋಟೋ ತೆಗೆಯುತ್ತಾರೆ. ಸಿಬ್ಬಂದಿ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಏಳು ಲಕ್ಷದ ಕಾರಿಗೆ ಒಂಬತ್ತು ಲಕ್ಷದ ಹತ್ತಿರ ಕಳೆದುಕೊಂಡವನಿಗೆ ಅಷ್ಟು ಗೌರವವಾದರೂ ಬೇಡವೇ? ಟ್ಯಾಂಕಿನಲ್ಲಿ ಮಾತ್ರ ಹತ್ತಿರದ ಬಂಕ್ ಮುಟ್ಟುವಷ್ಟು ಪೆಟ್ರೋಲ್.

ಮನೆಗೆ ಬಂದು ಪೂಜೆ ಮುಗಿಯುವ ಮೊದಲೇ ಹುಡುಗನ ಫೋನು. "ಸರ್, ಕಂಪನಿಯಿಂದ ಒಂದು ಲಿಂಕ್ ಬರುತ್ತೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ರೂ ನಮ್ಗೆ ಸೊನ್ನೆ ಲೆಕ್ಕ." ಗಿರಾಕಿಯ ಕಣ್ಣು ಮಿಂಚುತ್ತದೆ. ಏಳು ಲಕ್ಷ ಕೈಯಲ್ಲಿದ್ದಾಗ ಇಲ್ಲದ ಬಲ ಈಗ ಒಂದೇ ಒಂದು ಅಂಕಿಯಲ್ಲಿ ಕೈಗೆ ಬಂದಿದೆ. ಸೀಟ್ ಕವರ್ ಕೇಳಲೇ, ಟೆಫ್ಲಾನ್ ಕೋಟಿಂಗ್ ಕೇಳಲೇ ಎಂದು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಒಳಮನೆಯಿಂದ ಹೆಂಡತಿಯ ದನಿ: "ಆ ಲಿಂಕ್ ನನ್ ಫೋನಿಗೆ ಬಂದಿತ್ತು ಕಣ್ರೀ. ಹತ್ತು ಒತ್ತಿಬಿಟ್ಟೆ. ಪಾಪ, ಒಳ್ಳೇ ಹುಡುಗ."