ರೂಟರ್‌ಗೂ ಯುಪಿಎಸ್ ಬೇಕು
ಫೋನನ್ನೂ ಕಂಪ್ಯೂಟರನ್ನೂ ಜೋಡಿಸುವ ಕೆಡಿಇ ಕನೆಕ್ಟ್ ಆ್ಯಪ್ ಹಾಕಿ, ಲಿನಕ್ಸ್ ಕಂಪ್ಯೂಟರಿನಲ್ಲಿ ಮೊದಲೇ ಬರೆದಿಟ್ಟ ಕಮಾಂಡುಗಳನ್ನು (ಆದೇಶಗಳನ್ನು) ಓಡಿಸಲು ಫೋನನ್ನೇ ರಿಮೋಟ್ ಮಾಡುವುದನ್ನು ನಿಮ್ಮ ಲೇಖನದಲ್ಲಿ ಚೆನ್ನಾಗಿ ತಿಳಿಸಿದ್ದೀರಿ. ‘ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಓಡುತ್ತೆ, ಫೋನಿಂದ ಓಡಲ್ಲ’ ಅನ್ನೋರು ಗಮನಿಸಿ: ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ಲಿನ ಸೆಟ್ಟಿಂಗ್ ಫೈಲಲ್ಲಿ) ಬರೆದ ಏಲಿಯಾಸ್, ಅಂದರೆ ಕಮಾಂಡಿಗೆ ನಾವಿಟ್ಟ ಅಡ್ಡಹೆಸರು, ಇಲ್ಲಿ ನಡೆಯಲ್ಲ. ಸ್ಕ್ರಿಪ್ಟಿನ (ಕಮಾಂಡುಗಳನ್ನು ಬರೆದಿಟ್ಟ ಫೈಲಿನ) ಪೂರ್ತಿ ಪಾತ್, ಅಂದರೆ ಅದು ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸ ಕೊಡಿ, ಅದನ್ನು ಓಡಿಸಲು ಅನುಮತಿ ಕೊಡುವ ಸಿಎಚ್‌ಮಾಡ್ ಪ್ಲಸ್ ಎಕ್ಸ್ ಮರೀಬೇಡಿ. ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಸುಡೊ ಹಾಕಿದರೆ ಪಾಸ್‌ವರ್ಡ್ ಟೈಪ್ ಮಾಡಲು ಜಾಗವೇ ಇಲ್ಲ, ಅಲ್ಲೇ ಸೋಲುತ್ತೆ. ಶಟ್‌ಡೌನ್‌ಗಾದರೆ ಸಾಮಾನ್ಯವಾಗಿ ಸುಡೊ ಇಲ್ಲದೆ ಬರೀ ಸಿಸ್ಟಂಸಿಟಿಎಲ್ ಪವರ್‌ಆಫ್ ಸಾಕು. ಕಮಾಂಡಿನ ಔಟ್‌ಪುಟ್ ಫೋನಲ್ಲಿ ಕಾಣಲ್ಲ, ಎರರ್ ಸಮೇತ ಲಾಗ್ ಫೈಲಿಗೆ (ಆಮೇಲೆ ಓದಲು ದಾಖಲೆ ಉಳಿಯುವ ಫೈಲಿಗೆ) ತಿರುಗಿಸಿ. ಫೈರ್‌ವಾಲ್ (ನೆಟ್‌ವರ್ಕಿನಿಂದ ಬರುವುದನ್ನು ತಡೆಯುವ ಕಾವಲು) ಇದ್ದರೆ ಕೆಡಿಇ ಕನೆಕ್ಟ್ ಬಳಸುವ 1714ರಿಂದ 1764ರವರೆಗಿನ ಪೋರ್ಟ್ (ಸಂಪರ್ಕದ ಬಾಗಿಲು), ಟಿಸಿಪಿ ಯುಡಿಪಿ ಎಂಬ ಎರಡೂ ಬಗೆಯವು ತೆರೆದಿರಲಿ.

ಇನ್ನು ನಮ್ಮ ತೀರ್ಥಹಳ್ಳಿ ಕಡೆಯ ಆಷಾಢದ ಮಳೆ ಗೊತ್ತಲ್ಲ! ಕರೆಂಟ್ ಹೋದಾಗ ಜಗಲಿಯಲ್ಲೇ ಕೂತು ಕಂಪ್ಯೂಟರ್ ಆಫ್ ಮಾಡಬೇಕೆಂದರೆ ವೈಫೈ ರೂಟರನ್ನೂ ಯುಪಿಎಸ್‌ಗೆ ಸಿಕ್ಕಿಸಿ. ರೂಟರ್ ಆರಿದರೆ ಫೋನಿಗೆ ಕಂಪ್ಯೂಟರೇ ಸಿಗಲ್ಲ.