ಬಂದಿತ್ತು

ಬಲಗೈಯ ತೋರುಬೆರಳಿನ ತುದಿಯಲ್ಲಿ ಕೂದಲೆಳೆಗಿಂತ ಸಣ್ಣದಾದ ಲೋಹದ ತಂತಿಯೊಂದು ಮುರಿದು ಕುಳಿತಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ಸೂಜಿಗೂ ಸಿಗುವುದಿಲ್ಲ. ಆದರೆ ಈ ಬರಹದ ಒಂದೊಂದು ಅಕ್ಷರವನ್ನು ಒತ್ತುವಾಗಲೂ ತಾನು ಇನ್ನೂ ಇದ್ದೇನೆಂದು ಚುಚ್ಚಿ ತಿಳಿಸುತ್ತದೆ. ನಿನ್ನೆ ಭಾನುವಾರ ಬೆಳಗಿನ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ತಾರಸಿಯ ಮೇಲೆ ನಿಂತು ಟಿವಿಯ ಡಿಶ್ ಕೂರಿಸಿದ್ದಕ್ಕೆ ನನಗೆ ಸಂದ ಸಂಭಾವನೆಯಿದು. ಕತ್ತಿನ ಹಿಂಭಾಗ ಬಿಸಿಲಿಗೆ ಸುಟ್ಟು ಉರಿಯುತ್ತಿರುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಹಳೆಯ ಡಿಶ್ಶು ತುಕ್ಕು ಹಿಡಿದು, ಅದರ ಕೈ ಕಳಚಿ ನೇತಾಡತೊಡಗಿದಾಗ, ಬಲ್ಲವರನ್ನು ಕರೆಸಿದರೆ ಹತ್ತು ನಿಮಿಷದಲ್ಲಿ ಹೊಸದನ್ನು ಕೂರಿಸಿ ಹೋಗುತ್ತಾರೆಂಬುದು ಗೊತ್ತಿತ್ತು. ಹತ್ತು ನಿಮಿಷದ ಕೆಲಸಕ್ಕೆ ಇನ್ನೊಬ್ಬರೇಕೆ ಎಂಬ ತರ್ಕವನ್ನು ಹೂಡಿದವನು ನಾನೇ. "ಹತ್ತು ನಿಮಿಷ ಅನ್ನುವುದು ಅವರ ಲೆಕ್ಕ ಕಣ್ರೀ, ನಿಮ್ಮದಲ್ಲ" ಎಂದು ಹೆಂಡತಿ ಆಗಲೇ ಹೇಳಿದ್ದಳು. ಅವಳು ಹೇಳಿದ್ದಳೆಂಬುದನ್ನು ನಿನ್ನೆಯಿಂದ ನನಗೆ ಐದು ಸಲ ಜ್ಞಾಪಿಸಲಾಗಿದೆ.

ಕೊಳ್ಳುವ ಮೊದಲು ಮೂರು ಸಂಜೆ ಕುಳಿತು ಓದಿದೆ. ಓದಿದ ಮೇಲೆ, ಓದದೆ ಇದ್ದಾಗ ಇದ್ದ ಧೈರ್ಯವೂ ಹೋಯಿತು. ಡಿಶ್ಶಿನ ಅಗಲವೇ ಮೊದಲ ಜಿಜ್ಞಾಸೆ. 60 ಸೆಂಟಿಮೀಟರಿನದು ಸಾಕೆಂದು ಒಂದು ಮನಸ್ಸು. 90ರದ್ದು ಅದರ ಎರಡೂಕಾಲು ಪಟ್ಟು ವಿಸ್ತಾರವಿರುವುದರಿಂದ ಮಳೆಯ ದಿನವೂ ಚಿತ್ರ ಅಷ್ಟು ಬೇಗ ಕಲ್ಲಾಗುವುದಿಲ್ಲವೆಂದು ಇನ್ನೊಂದು ಮನಸ್ಸು. ಗಾಳಿ ಬೀಸಿದರೆ ಅಷ್ಟೇ ಪಟ್ಟು ಹೆಚ್ಚು ಗಾಳಿಯನ್ನೂ ಅದು ಹಿಡಿಯುತ್ತದೆಂದು ಮೂರನೆಯ ಮನಸ್ಸು. ಡಿಶ್ಶಿನ ಮೂತಿಯ ಮುಂದೆ ಕೂರುವ ಎಲ್‌ಎನ್‌ಬಿಯದು ಇನ್ನೊಂದು ಕಥೆ. ಆಕಾಶದಿಂದ 10.7ರಿಂದ 12.75 ಗಿಗಾಹರ್ಟ್ಸ್‌ನಲ್ಲಿ ಇಳಿದು ಬರುವ ಅಲೆ ನಮ್ಮ ಕೇಬಲ್ಲಿನೊಳಗೆ ನಾಲ್ಕು ಮಾರು ಹೋಗುವಷ್ಟರಲ್ಲಿ ಸೊರಗಿ ಹೋಗುವುದರಿಂದ, ಅದನ್ನು ಅಲ್ಲೇ ಹಿಡಿದು, ಬಲಪಡಿಸಿ, 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೆಳಗೆ ಕಳಿಸುವುದು ಈ ಪುಟ್ಟ ಡಬ್ಬಿಯ ಕೆಲಸ. ನೋಡಿದ ಪೆಟ್ಟಿಗೆಗಳ ಮೇಲೆಲ್ಲ, ಡಬ್ಬಿ ತಾನೇ ಸಂಕೇತಕ್ಕೆ ಬೆರೆಸುವ ಗದ್ದಲದ ಪ್ರಮಾಣ 0.1 ಡೆಸಿಬೆಲ್ ಎಂದೇ ಅಚ್ಚಾಗಿತ್ತು. ಎಲ್ಲರೂ ಒಂದೇ ಅಂಕ ತೆಗೆದ ಉತ್ತರಪತ್ರಿಕೆಗಳನ್ನು ಕಂಡರೆ ಯಾವ ಮೇಷ್ಟರಿಗೂ ಬರುವ ಅನುಮಾನ ನನಗೂ ಬಂತು. ಕೊನೆಗೆ ಪೆಟ್ಟಿಗೆಯ ಬಣ್ಣ ನೋಡಿ ಒಂದನ್ನು ಆರಿಸಿದೆನೆಂದು ಇಲ್ಲಿ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಇನ್ನು ಗುರಿ. ನಮಗೆ ಬೇಕಾದ ಉಪಗ್ರಹ ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ವೇಗಕ್ಕೆ ಸರಿಯಾಗಿ ಸುತ್ತುತ್ತ, ನಮ್ಮ ಪಾಲಿಗೆ ನಿಂತಲ್ಲೇ ನಿಂತಿರುತ್ತದೆ. ಅಷ್ಟು ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ ಅಲ್ಲಿ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ತಪ್ಪಿದಂತೆ. ಎರಡು ಮೂರು ಡಿಗ್ರಿ ತಪ್ಪಿದರೆ ಪಕ್ಕದ ಉಪಗ್ರಹದ ಅಂಗಳಕ್ಕೇ ಕಾಲಿಟ್ಟಂತೆ. ಹೀಗೆ ಮೂರು ಉಪಗ್ರಹಗಳನ್ನು ನಿಲ್ಲಿಸಿದರೆ ಇಡೀ ಜಗತ್ತಿಗೆ ಸುದ್ದಿ ಮುಟ್ಟಿಸಬಹುದೆಂದು ಇಂಗ್ಲಿಷ್ ಲೇಖಕ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಲೆಕ್ಕ ಹಾಕಿ ಬರೆದ. 1964ರಲ್ಲಿ ಸಿಂಕಾಮ್ 3 ಎಂಬ ಉಪಗ್ರಹ ಅಲ್ಲಿ ಹೋಗಿ ನಿಂತೂಬಿಟ್ಟಿತು. ಮೇಲೆ ಮೂರು ಉಪಗ್ರಹ ಸಾಕೆಂದ ಮಹಾಶಯ, ಕೆಳಗೆ ಟಿವಿಯ ಮುಂದೆ ಕುಳಿತು ಚಿತ್ರ ಬಂತೋ ಇಲ್ಲವೋ ಎಂದು ಕೂಗಿ ಹೇಳಲು ಎಂಥವರು ಬೇಕೆಂಬುದನ್ನು ಮಾತ್ರ ಬರೆಯಲಿಲ್ಲ.

ಆ ಸ್ಥಾನಕ್ಕೆ ನಮ್ಮ ಮನೆಯಲ್ಲಿ ಅಪ್ಪ ನೇಮಕಗೊಂಡರು. ಅಪ್ಪ ಭಾಷಾ ಶಿಕ್ಷಕರಾಗಿ ನಿವೃತ್ತರಾದವರು, ಅದರಲ್ಲಿಯೂ ವ್ಯಾಕರಣದವರು. ಕ್ರಿಯಾಪದದ ಕಾಲ ತಪ್ಪಿದರೆ ಮೊಮ್ಮಕ್ಕಳ ಜಗಳವನ್ನೂ ನಡುವೆ ನಿಲ್ಲಿಸಿ ತಿದ್ದುವವರು. ಇಂಥವರಿಂದ ಕರಾರುವಾಕ್ಕಾದ ವರದಿ ಬರುತ್ತದೆಂಬ ನನ್ನ ನಿರೀಕ್ಷೆ ಸುಳ್ಳಾಗಲಿಲ್ಲ. ವರದಿ ಬಹಳ ಕರಾರುವಾಕ್ಕಾಗಿಯೇ ಬಂತು.

ಅದಕ್ಕೆ ಮೊದಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಂಬ ನೆಟ್ಟಗಿರಬೇಕು, ಇಲ್ಲದಿದ್ದರೆ ಮುಂದಿನ ಯಾವ ಅಳತೆಯೂ ಸರಿ ಬರುವುದಿಲ್ಲವೆಂದು ಓದಿದ್ದರೂ ಕಣ್ಣಳತೆಯಲ್ಲೇ ನಿಲ್ಲಿಸಿ, ಆಮೇಲೆ ಮಟ್ಟಗೋಲು ತಂದು ಮತ್ತೊಮ್ಮೆ ನಿಲ್ಲಿಸಿದೆ. ದಿಕ್ಸೂಚಿಯನ್ನು ಕಬ್ಬಿಣದ ಕಂಬಕ್ಕೆ ಆನಿಸಿ ಹಿಡಿದು, ಅದು ತೋರಿಸಿದ್ದೇ ಉತ್ತರವೆಂದು ಅರ್ಧ ಗಂಟೆ ನಂಬಿದ್ದೆ. ಈಗಿನ ಡಿಶ್ಶುಗಳ ಬಾಗು ಬೇರೆ ನಂಬಿಕೆಗೆ ಅರ್ಹವಲ್ಲ. ಎಲ್‌ಎನ್‌ಬಿ ಕೆಳಬದಿಯಲ್ಲಿರುವ ಈ ಜಾತಿಯವು ನೇರವಾಗಿ ಎದುರು ನೋಡುತ್ತಿರುವಂತೆ ಕಂಡರೂ ನಿಜವಾಗಿ 20ರಿಂದ 25 ಡಿಗ್ರಿಯಷ್ಟು ಮೇಲೆ ನೋಡುತ್ತಿರುತ್ತವೆ. ಎದುರುಮನೆಯವರಿಗೆ ಇದನ್ನು ವಿವರಿಸುವ ಮೊದಲೇ ಅವರು ಕಿಟಕಿಯ ಪರದೆಯನ್ನು ಎಳೆದುಕೊಂಡರು. ಕೇಬಲ್ಲಿನ ತುದಿಯನ್ನು ಸುಲಿದು ಕನೆಕ್ಟರ್ ಸಿಕ್ಕಿಸುವಾಗ ಹೊರಗಿನ ಹೆಣಿಗೆಯ ಒಂದು ಎಳೆ ನಡುವಿನ ತಂತಿಗೆ ತಾಗಿದ್ದರಿಂದ ಟಿವಿ ಪರದೆಯ ಮೇಲೆ 'ಎಲ್‌ಎನ್‌ಬಿ ಶಾರ್ಟ್' ಎಂಬ ಎಚ್ಚರಿಕೆ ಬಂತು. ಆ ಎಳೆಯನ್ನು ಬೆರಳಿನಿಂದಲೇ ಕೀಳಲು ಹೋದೆ. ಅದು ಈಗ ಎಲ್ಲಿದೆಯೆಂದು ಆಗಲೇ ಹೇಳಿದ್ದೇನೆ.

ಮೊದಲ ಕೂಗು ಬಂದದ್ದು ಹನ್ನೊಂದರ ಹೊತ್ತಿಗೆ. "ಎಂಬತ್ತೈದು!" ಎಂದು ಅಪ್ಪ ಕೆಳಗಿನಿಂದ ಸಾರಿದರು. ದನಿಯಲ್ಲಿ ಮೆಚ್ಚಿನ ಶಿಷ್ಯ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ಹಿಗ್ಗು ಇತ್ತು. ನಾನು ಸ್ಪ್ಯಾನರನ್ನು ಅಲ್ಲೇ ಬಿಟ್ಟು, ಮೂರು ಮೂರು ಮೆಟ್ಟಿಲು ಹಾರಿ ಇಳಿದು ನೋಡಿದರೆ, ಸ್ಟ್ರೆಂತ್ ಎಂಬ ಪಟ್ಟಿ 85 ತೋರಿಸುತ್ತಿತ್ತು. ಅದರ ಕೆಳಗಿನ ಕ್ವಾಲಿಟಿ ಎಂಬ ಪಟ್ಟಿ ಸೊನ್ನೆಯಲ್ಲಿತ್ತು. ಎಲ್‌ಎನ್‌ಬಿಗೆ ವಿದ್ಯುತ್ ಸಿಕ್ಕಿದರೆ ಸಾಕು, ಡಿಶ್ ಗೋಡೆಯನ್ನು ನೋಡುತ್ತಿದ್ದರೂ ಮೊದಲ ಪಟ್ಟಿ ಏರುತ್ತದೆ, ಎರಡನೆಯದು ಏರಿದರೆ ಮಾತ್ರ ಚಿತ್ರ ಬರುತ್ತದೆಂದು ವಿವರಿಸಿದೆ. "ಶಕ್ತಿಯಿದೆ, ಗುಣವಿಲ್ಲ. ಅಂಥವರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ, ಹೋಗು" ಎಂದು ಅಪ್ಪ ನನ್ನನ್ನು ಮತ್ತೆ ಮೇಲಕ್ಕೆ ಕಳಿಸಿದರು.

ಎಡಬಲಕ್ಕೆ ಒಂದು ಕೂದಲಷ್ಟು ತಿರುಗಿಸುವುದು, ಸೆಟ್‌ಟಾಪ್ ಬಾಕ್ಸಿಗೆ ಸಂಕೇತವನ್ನು ಗುರುತು ಹಿಡಿಯಲು ಎರಡು ಮೂರು ಸೆಕೆಂಡು ಬೇಕಾದ್ದರಿಂದ ಉಸಿರು ಹಿಡಿದು ನಿಲ್ಲುವುದು, "ಅಪ್ಪಾ, ಬಂತಾ?" ಎಂದು ಕೂಗುವುದು, ಉತ್ತರವಿಲ್ಲದಿದ್ದರೆ ಇನ್ನೊಂದು ಕೂದಲಷ್ಟು ತಿರುಗಿಸುವುದು. ಹೀಗೆ ನಡೆಯುತ್ತಿದ್ದಾಗ ಹನ್ನೆರಡೂವರೆಗೆ ಕೆಳಗಿನಿಂದ ಸ್ಪಷ್ಟವಾದ, ಒಂದಕ್ಷರವೂ ಮಾಸದ ಉತ್ತರ ಬಂತು: "ಬಂದಿತ್ತು."

ತಾರಸಿಯ ಮೇಲೆ ನಿಂತವನಿಗೆ ಇದಕ್ಕಿಂತ ನಿರುಪಯೋಗಿಯಾದ ಕ್ರಿಯಾಪದ ಭಾಷೆಯಲ್ಲೇ ಇಲ್ಲ. 'ಬಂತು' ಎಂದರೆ ಕೈ ನಿಲ್ಲಿಸಬಹುದು. 'ಬರುತ್ತಿದೆ' ಎಂದರೆ ಅದೇ ಕಡೆಗೆ ಇನ್ನಷ್ಟು ತಿರುಗಿಸಬಹುದು. 'ಬರಲಿಲ್ಲ' ಎಂದರೂ ಅದೊಂದು ಮಾಹಿತಿಯೇ. 'ಬಂದಿತ್ತು' ಎಂದರೆ ಏನು ಮಾಡುವುದು? ಯಾವಾಗ ಬಂದಿತ್ತು? ನಾನು ಬಲಕ್ಕೆ ತಿರುಗಿಸಿದಾಗಲೋ, ಬೆವರೊರೆಸಿಕೊಳ್ಳಲು ಕೈ ಬಿಟ್ಟಾಗಲೋ? "ಈಗ ಇದೆಯಾ?" ಎಂದೆ. "ಈಗ ಇದ್ದಿದ್ದರೆ 'ಬಂದಿದೆ' ಎನ್ನುತ್ತಿದ್ದೆ" ಎಂದರು. ಇದಕ್ಕೆ ಮರುಮಾತಿಲ್ಲ.

ಅಲ್ಲಿಂದ ಮುಂದೆ ಎರಡು ಗಂಟೆ ಕಾಲ ನಾನು ತಾರಸಿಯ ಮೇಲೆ ನಿಂತು ವ್ಯಾಕರಣದ ಪಾಠ ಕೇಳಿದೆ. ಮೇಲುಕೆಳಗಿನ ಬೋಲ್ಟನ್ನು ಸಡಿಲಿಸಿದಾಗ "ಬಂದ ಹಾಗಿತ್ತು" ಎಂಬ ಸಂದೇಹಸೂಚಕ ಬಂತು. ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಗಡಿಯಾರದ ಮುಳ್ಳಿನಂತೆ ಕೊಂಚ ತಿರುಚಿದಾಗ "ಬಂದೀತು, ಇರು" ಎಂಬ ಸಂಭಾವನಾರ್ಥಕ ಬಂತು. ನನ್ನ ತಾಳ್ಮೆ ಕೆಟ್ಟು ಡಿಶ್ಶಿಗೆ ಒಂದು ಏಟು ಹಾಕಿದಾಗ, ಸದ್ದು ಕೆಳಗೆ ಕೇಳಿಸಿರಬೇಕು, "ಹಾಗೆಲ್ಲ ಮಾಡಿದರೆ ಬಾರದು" ಎಂಬ ನಿಷೇಧಾರ್ಥಕವೂ ಬಂತು. ಉಪಗ್ರಹದಿಂದ ಸಂಕೇತ ನನ್ನ ಡಿಶ್ಶಿಗೆ ಮುಟ್ಟಲು ಹಿಡಿಯುವ ಸಮಯ ಒಂದು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು. ಅದೇ ಸಂಕೇತದ ಸುದ್ದಿ ನಮ್ಮ ನಡುಮನೆಯಿಂದ ತಾರಸಿಗೆ ಮುಟ್ಟುವ ಹೊತ್ತಿಗೆ ಅದು ಇತಿಹಾಸವಾಗಿರುತ್ತಿತ್ತು.

ಕೈಯಲ್ಲಿ ಮೊಬೈಲ್ ಇರುವಾಗ ಕೂಗಾಟವೇಕೆ ಎಂದು ನೀವು ಕೇಳುವಿರೆಂದು ಬಲ್ಲೆ. ವಿಡಿಯೊ ಕರೆ ಮಾಡಿ, ಫೋನನ್ನು ಟಿವಿಯ ಕಡೆಗೆ ಹಿಡಿದಿರಿ ಎಂದು ಅಪ್ಪನಿಗೆ ಹೇಳಿದೆ. ಮಾತನಾಡುವಾಗ ಫೋನನ್ನು ಕಿವಿಗೆ ಹಿಡಿಯುವ ಅವರ ಅಭ್ಯಾಸ ಬದಲಾಗಲಿಲ್ಲವಾದ್ದರಿಂದ ನಾನು ಇಪ್ಪತ್ತು ನಿಮಿಷ ಅವರ ಕಿವಿಯೊಳಗನ್ನು ನೋಡಿದೆ. ಚಿತ್ರ ಬಹಳ ಸ್ವಚ್ಛವಾಗಿತ್ತು. ಸಂಕೇತ ಸಿಕ್ಕಿದರೆ ಕೀಚ್ ಎನ್ನುವ ಸಣ್ಣ ಮೀಟರನ್ನೂ ಕೊಂಡಿದ್ದೆ; ಅದಕ್ಕೆ ಯಾವ ಉಪಗ್ರಹವಾದರೂ ಒಂದೇ, ಸಿಕ್ಕಿದವರ ಕೊರಳಿಗೆಲ್ಲ ಹಾರ ಹಾಕುವ ಜಾತಿಯದು. ಅದು ಕಿರುಚಿದ ಕಡೆ ಹೊಸದಾಗಿ ಹುಡುಕಿಸಿದಾಗ ಪಕ್ಕದ ಉಪಗ್ರಹದ ನಾಲ್ಕು ಚಾನೆಲ್ಲುಗಳು ಬಂದವು. ಯಾವುದೋ ಭಾಷೆಯಲ್ಲಿ ಯಾರೋ ಒಬ್ಬಾಕೆ ಯಾವುದೋ ದೇಶದ ನಾಳಿನ ಹವೆಯನ್ನು ಬಹಳ ಕಳಕಳಿಯಿಂದ ಹೇಳುತ್ತಿದ್ದಳು. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ನೋಡಿದರು. "ಈ ಭಾಷೆಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುವಂತಿದೆ" ಎಂದರು.

ನನ್ನ ಸಿಟ್ಟು ನೆತ್ತಿಗೇರಿದ್ದು ಆಗಲೇ. ಆದರೆ ಗುಟ್ಟು ಹೊಳೆದದ್ದೂ ಆಗಲೇ. ಅಪ್ಪ ವರದಿಯಲ್ಲಿ ತಡಮಾಡುತ್ತಿರಲಿಲ್ಲ. ಚಿತ್ರ ಬಂದೊಡನೆ ಅವರು ಅದನ್ನು ನೋಡಲು ತೊಡಗುತ್ತಿದ್ದರು. ನೋಡುತ್ತಿರುವಾಗ ತಾರಸಿ, ಸ್ಪ್ಯಾನರ್, ಮಗ ಒಂದೂ ಅವರ ಲಕ್ಷ್ಯದಲ್ಲಿ ಇರುತ್ತಿರಲಿಲ್ಲ. ಉತ್ತರವಿಲ್ಲವೆಂದು ನಾನು ಡಿಶ್ಶನ್ನು ಮುಂದಕ್ಕೆ ತಿರುಗಿಸಿದಾಗ ಚಿತ್ರ ಹೋಗುತ್ತಿತ್ತು. ಹೋದಾಗ ಅವರಿಗೆ ನನ್ನ ನೆನಪಾಗುತ್ತಿತ್ತು. ನೆನಪಾದಾಗ ಸಹಜವಾಗಿಯೇ "ಬಂದಿತ್ತು" ಎನ್ನುತ್ತಿದ್ದರು. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ಒಂದು ತಪ್ಪನ್ನೂ ಹುಡುಕಲಾಗದು.

ಮೀನಿನ ಮುಳ್ಳಿನಂಥ ಆಂಟೆನಾದ ಕಾಲದಲ್ಲಿ ನಮ್ಮ ಮನೆಯ ಛಾವಣಿ ಹತ್ತುತ್ತಿದ್ದವರು ಅಪ್ಪ, ಕೆಳಗಿನಿಂದ ಕೂಗುವ ಕೆಲಸ ನನ್ನದು. ಒಂದು ಸಂಜೆ ಪಂದ್ಯವೊಂದರ ಕೊನೆಯ ಹೊತ್ತಿನಲ್ಲಿ ಪರದೆಯ ತುಂಬ ಇರುವೆ ಹರಿದಾಡತೊಡಗಿದಾಗ ಅವರು ಮೇಲೆ ಹೋಗಿ ಕೊಳವೆಯನ್ನು ಹಿಡಿದು ತಿರುಗಿಸಿದರು. ನಾನು "ಬಂತು!" ಎಂದು ಒಮ್ಮೆ ಕೂಗಿದವನು ಪಂದ್ಯದೊಳಗೆ ಮುಳುಗಿಬಿಟ್ಟೆ. ಅವರು ಕೈಬಿಟ್ಟರೆ ಆಂಟೆನಾ ತಿರುಗಿ ಹೋಗುತ್ತಿತ್ತೆಂದು ಕಾಣುತ್ತದೆ. ಪಂದ್ಯ ಮುಗಿದು, ಕತ್ತಲಾಗಿ, ಅಮ್ಮ ದೀಪ ಹಾಕಿ "ಅಪ್ಪ ಎಲ್ಲೋ?" ಎಂದು ಕೇಳಿದಾಗಲೇ ನನಗೆ ಅವರ ನೆನಪಾದದ್ದು. ಇಳಿದು ಬಂದವರು ಬೈಯಲಿಲ್ಲ. ಕೊಳವೆಯ ತುಕ್ಕು ಮೆತ್ತಿದ ಅಂಗೈಯನ್ನು ಒರೆಸಿಕೊಳ್ಳುತ್ತ ಯಾರು ಗೆದ್ದರೆಂದು ಕೇಳಿದರು.

ಇದೆಲ್ಲ ಸುಡುವ ಬಿಸಿಲಿನಲ್ಲಿ ನೆನಪಾಗಿ ಮನಸ್ಸು ಮೆತ್ತಗಾಯಿತೆಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಆಗ ನನ್ನ ಬೆರಳು ಉರಿಯುತ್ತಿತ್ತು, ಊಟ ತಪ್ಪಿತ್ತು. ಮನಸ್ಸು ಮೆತ್ತಗಾಗಲಿಲ್ಲ, ಉಪಾಯ ಮಾತ್ರ ಹೊಳೆಯಿತು. ಅಪ್ಪನ ಮೌನವೇ ನನ್ನ ಮೀಟರ್. ಚಿತ್ರವಿಲ್ಲದಾಗ ಅವರು ಸುಮ್ಮನಿರುವವರಲ್ಲ. ಕೆಮ್ಮುತ್ತಾರೆ, ರಿಮೋಟನ್ನು ಮೇಜಿಗೆ ಕುಟ್ಟುತ್ತಾರೆ, ಸೊಸೆಯನ್ನು ಕರೆದು ಗಂಟೆಯೆಷ್ಟೆಂದು ಕೇಳುತ್ತಾರೆ. ಹಾಗಾಗಿ ಇನ್ನು ಮುಂದೆ ಏನೂ ಕೇಳದೆ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಕೆಳಗಿನ ಸದ್ದುಗಳಿಗೆ ಕಿವಿಗೊಟ್ಟು ನಿಂತೆ. ಕೆಮ್ಮು. ತಿರುಗಿಸಿದೆ. ರಿಮೋಟಿನ ಸದ್ದು. ತಿರುಗಿಸಿದೆ. "ಗಂಟೆ ಎಷ್ಟಮ್ಮಾ?" "ನಾಲ್ಕೂಮುಕ್ಕಾಲು, ಮಾವ." ಇನ್ನೊಂದು ಕೂದಲಷ್ಟು.

ಕೆಳಗೆ ಸದ್ದಡಗಿತು.

ಎಂಟು ಡಿಗ್ರಿ ಆ ಕಡೆ ಈ ಕಡೆ ಅಲೆದು ಸಿಕ್ಕಿದ ಜಾಗವನ್ನು ಕಳೆದುಕೊಳ್ಳುವ ಅತಿ ಸುಲಭದ ದಾರಿಯೆಂದರೆ ಬೋಲ್ಟನ್ನು ಒಂದೇ ಕಡೆ ಬಿಗಿಯುವುದು. ಬಿಗಿಯುವ ಕಡೆಗೆ ಡಿಶ್ ಸರಿದುಬಿಡುತ್ತದೆ. ಮಧ್ಯಾಹ್ನ ಹೀಗೆ ಒಮ್ಮೆ ಕಳೆದುಕೊಂಡಿದ್ದೆ. ಈ ಸಲ ಎಡದ ಬೋಲ್ಟಿಗೆ ಕಾಲು ಸುತ್ತು, ನಿಂತು ಕೇಳುವುದು. ಬಲದ್ದಕ್ಕೆ ಕಾಲು ಸುತ್ತು, ನಿಂತು ಕೇಳುವುದು. ಕೆಮ್ಮಿಲ್ಲ, ಕುಟ್ಟುವುದಿಲ್ಲ. ನಾಲ್ಕೂ ಬೋಲ್ಟುಗಳನ್ನು ಹೀಗೆ ಬಿಗಿಯಲು ಮುಕ್ಕಾಲು ಗಂಟೆಯಾಯಿತು. ಕೇಬಲ್ಲನ್ನು ಕಂಬಕ್ಕೆ ಕಟ್ಟಿ, ಮಳೆನೀರು ಒಳಗಿಳಿಯದಂತೆ ಕನೆಕ್ಟರಿಗೆ ಟೇಪು ಸುತ್ತಿ, ಬಿದ್ದ ನಟ್ಟುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡು ಕೆಳಗಿಳಿದೆ.

ಟಿವಿಯಲ್ಲಿ ಚಿತ್ರ ಕನ್ನಡಿಯಂತಿತ್ತು. ಅಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಪಂದ್ಯ ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಸ್ಪ್ಯಾನರನ್ನು ಬೇಕೆಂದೇ ಸದ್ದು ಮಾಡಿ ಕೆಳಗಿಟ್ಟೆ. ಅವರು ಪರದೆಯಿಂದ ಕಣ್ಣು ಕೀಳದೆ, "ಬಂದೆಯಾ? ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದರು.