ಜೋಳ ಅಂದ್ರೆ ಬರೀ ಕಾಳಲ್ಲ

ಜೋಳದ ಮಾತು ಬಂದರೆ ಸಾಕು, ನಾರಿನಂಶ, ಸಕ್ಕರೆ ಕಾಯಿಲೆ, ಗ್ಲುಟೆನ್ (ಗೋಧಿ ಹಿಟ್ಟಿಗೆ ಜಿಗಿ ಕೊಡುವ ಪ್ರೋಟೀನ್) ಇಲ್ಲ, ಇಷ್ಟೇ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿದ ಮೇಲಂತೂ ಇದು ಜಾಸ್ತಿಯೇ ಆಯಿತು. ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಪೊಟ್ಟಣದೊಳಗಿನ ಹಿಟ್ಟನ್ನಷ್ಟೇ ಜೋಳ ಅಂದುಕೊಂಡರೆ ಅರ್ಧ ಗಿಡವನ್ನೇ ಮರೆತಂತೆ ಅಲ್ವಾ?

ಆ ಇನ್ನರ್ಧ ಕಣಿಕೆ, ಅಂದ್ರೆ ತೆನೆ ತೆಗೆದ ಮೇಲೆ ಉಳಿಯುವ ಒಣ ದಂಟು. ವಿಜಯಪುರ, ಕಲಬುರಗಿ ಕಡೆ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಮುಂದೆ ಮಳೆ ಬಾರದಿದ್ದರೂ ಕಪ್ಪುಮಣ್ಣು ಹಿಡಿದಿಟ್ಟ ತೇವದಲ್ಲೇ ಆಳೆತ್ತರ ಬೆಳೆಯುತ್ತದೆ. ನೀರು ಸಾಲದಾದಾಗ ಎಲೆ ಸುರುಳಿ ಸುತ್ತಿಕೊಂಡು ತೇವ ಉಳಿಸಿಕೊಳ್ಳುತ್ತದೆ. ರಾಶಿ ಮುಗಿದ ಮೇಲೆ ಕಾಳು ಮನೆಗೆ, ಕಣಿಕೆ ಬಣವೆಗೆ. ಬೇಸಿಗೆ ಪೂರ್ತಿ ಎತ್ತು, ಎಮ್ಮೆಗಳ ಹೊಟ್ಟೆ ತುಂಬುವುದು ಆ ಬಣವೆಯಿಂದ. ಎತ್ತು ಉಳಿದರೆ ತಾನೇ ಮುಂದಿನ ಬಿತ್ತನೆ?

1964ರಲ್ಲಿ ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು. ಗಿಡ ಗಿಡ್ಡ, ಇಳುವರಿ ಜಾಸ್ತಿ. ಆದರೂ ಹಿಂಗಾರಿ ಹೊಲದವರು ಮಾಲದಂಡಿಯನ್ನು ಬಿಡಲಿಲ್ಲ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ ಅದು, ಎಂ 35-1. ಇಂಥ ರೈತರನ್ನು 'ಹಳೇದಕ್ಕೆ ಅಂಟಿಕೊಂಡವರು' ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅವರ ಲೆಕ್ಕದಲ್ಲಿ ದಂಟೂ ಇತ್ತು, ರೊಟ್ಟಿಯ ರುಚಿಯೂ ಇತ್ತು. ಚೀಲ ಎಣಿಸುವವರ ಲೆಕ್ಕದಲ್ಲಿ ಎರಡೂ ಇರಲಿಲ್ಲ.

ಗಿಡವನ್ನು ಅವರು ಎಷ್ಟು ಬಲ್ಲರು ನೋಡಿ. ಎಳೆ ಜೋಳಕ್ಕೆ, ನೀರಿಲ್ಲದೆ ಸೊರಗಿದ ಜೋಳಕ್ಕೆ ದನ ಬಾಯಿ ಹಾಕಲು ಬಿಡುವುದಿಲ್ಲ. ಅದರಲ್ಲಿರುವ ಧುರಿನ್ ಎಂಬ ಅಂಶ ದನದ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಆ ಹೆಸರು ಗೊತ್ತಾಗುವ ಎಷ್ಟೋ ಮೊದಲೇ ದನ ಕಾಯುವವರಿಗೆ ಈ ಎಚ್ಚರ ಇತ್ತು.

ಅಡುಗೆಮನೆಯ ಜಾಣತನವೂ ಕಡಿಮೆಯದಲ್ಲ. ಗ್ಲುಟೆನ್ ಇಲ್ಲದ ಹಿಟ್ಟು ಸುಮ್ನೆ ತಣ್ಣೀರಲ್ಲಿ ಕಲಸಿದರೆ ಬಿರುಕು ಬಿಡುತ್ತದೆ. ಅದಕ್ಕೇ ಕುದಿಯುವ ಎಸರು. ಬಿಸಿಗೆ ಹಿಟ್ಟಿನ ಪಿಷ್ಟ ಅಂಟಾಗಿ, ಕೈಯಲ್ಲಿ ಬಡಿದರೂ ರೊಟ್ಟಿ ಹರಿಯುವುದಿಲ್ಲ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ ಅಂತ ಆಗಾಗ ಸ್ವಲ್ಪಸ್ವಲ್ಪವೇ ಬೀಸಿಸುತ್ತಾರೆ. ಇನ್ನು ನುಚ್ಚು, ಅಂಬಲಿ, ನಾಗರಪಂಚಮಿಯ ಅರಳು ಎಲ್ಲ ಇದೇ ಕಾಳಿನವು.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೇಲು ಸೀತನಿ. ಚಳಿಗಾಲದಲ್ಲಿ ಕಾಳು ಇನ್ನೂ ಹಸಿಯಾಗಿದ್ದಾಗ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ ಕಾಳು ಬಿಡಿಸಬೇಕು. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ. ಕೆಲವೇ ದಿನ ಸಿಗುವ ರುಚಿ ಇದು. ಕಾಳು ಬಲಿತರೆ ಮುಗಿಯಿತು, ಮತ್ತೆ ಮುಂದಿನ ವರ್ಷವೇ.